ನೀರು, ಲೋಹ ಮತ್ತು ಹೃದಯಕ್ಕೆ ವಿದ್ಯುದಾಘಾತ

ಹಠಾತ್ ಹೃದಯಸ್ತಂಭನವಾದಾಗ ಅನೇಕ ಸಂದರ್ಭಗಳಲ್ಲಿ ಹೃದಯವು ಆ ಕ್ಷಣವೇ ನಿಶ್ಚಲವಾಗುವುದಿಲ್ಲ. ಅದರ ಸ್ನಾಯುಗಳು ಲಯ ತಪ್ಪಿ ಅದುರುತ್ತಿರುತ್ತವೆ. ರಕ್ತ ಮಾತ್ರ ಮುಂದಕ್ಕೆ ಹರಿಯುವುದಿಲ್ಲ. ಈ ಅದುರುವಿಕೆಯನ್ನು ಕ್ಷಣಮಾತ್ರದ ವಿದ್ಯುದಾಘಾತದಿಂದ ನಿಲ್ಲಿಸಿ, ಸಹಜ ಲಯವು ಮರಳಲು ಅವಕಾಶ ಕಲ್ಪಿಸುವ ಉಪಕರಣವೇ ಡಿಫಿಬ್ರಿಲೇಟರ್. 1947ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬಾಲಕನೊಬ್ಬನನ್ನು ಈ ವಿಧಾನದಿಂದ ಉಳಿಸಿದರು. 1965ರಲ್ಲಿ ಬೆಲ್‌ಫಾಸ್ಟಿನ ಫ್ರ್ಯಾಂಕ್ ಪ್ಯಾಂಟ್ರಿಜ್ ಉಪಕರಣವನ್ನು ಆಸ್ಪತ್ರೆಯಿಂದ ಆಂಬುಲೆನ್ಸಿಗೆ ತಂದರು. ಇಂದಿನ ಎ.ಇ.ಡಿ. ಎಂಬ ಸ್ವಯಂಚಾಲಿತ ಪೆಟ್ಟಿಗೆಯು ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಮಾಡಬೇಕಾದುದನ್ನು ಧ್ವನಿಯ ಮೂಲಕ ತಿಳಿಸುವುದರಿಂದ ವೈದ್ಯರಲ್ಲದವರೂ ಅದನ್ನು ಬಳಸಬಹುದು.

ಎದೆ ಒತ್ತುವಿಕೆಯಾಗಲಿ ಆಘಾತವಾಗಲಿ ಇಲ್ಲದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಆದುದರಿಂದ, ಶ್ರೀ ರಾಮಚಂದ್ರ ಆಸ್ಪತ್ರೆಯಂತಹ ದೊಡ್ಡ ಸಂಸ್ಥೆ ಪೋರೂರಿನಲ್ಲಿಯೇ ಇದ್ದರೂ, ಮೊದಲ ಕೆಲವು ನಿಮಿಷಗಳು ಪಕ್ಕದಲ್ಲಿದ್ದವರ ಕೈಯಲ್ಲಿಯೇ ಇರುತ್ತವೆ.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ಸುರಿಯುವ ಚೆನ್ನೈನಲ್ಲಿ, ಅದರಲ್ಲಿಯೂ ಏರಿಯ ಮಗ್ಗುಲಲ್ಲಿರುವ ಪೋರೂರಿನಲ್ಲಿ, ರೋಗಿಯು ಒದ್ದೆ ನೆಲದ ಮೇಲೆ ಬೀಳುವುದು ಅಪರೂಪವೇನಲ್ಲ. ನೀರಿನಲ್ಲಿ ವಿದ್ಯುತ್ತು ಹರಡಿ ಸುತ್ತಲಿದ್ದವರಿಗೆಲ್ಲ ತಗುಲೀತೆಂಬ ಭಯದಿಂದ ಕೈಕಟ್ಟಿ ನಿಲ್ಲುವುದೇ ಇಲ್ಲಿರುವ ದೊಡ್ಡ ಅಪಾಯ.

ಈ ಭಯಕ್ಕೆ ಆಧಾರ ಅಲ್ಪ. ಎ.ಇ.ಡಿ.ಯ ವಿದ್ಯುತ್ತು ಅದರದೇ ಬ್ಯಾಟರಿಯಿಂದ ಬರುವಂಥದು. ಮನೆಯ ವಿದ್ಯುತ್ತಿನಂತೆ ಅದು ಭೂಮಿಯನ್ನು ಅರಸಿ ಹೋಗುವುದಿಲ್ಲ. ಎದೆಗೆ ಅಂಟಿಸಿದ ಒಂದು ಪ್ಯಾಡಿನಿಂದ ಮತ್ತೊಂದಕ್ಕೆ ಹರಿದು ಯಂತ್ರಕ್ಕೇ ಮರಳುತ್ತದೆ. ಆದುದರಿಂದ ಮಳೆಯಲ್ಲಿಯೂ ಕಬ್ಬಿಣದ ಮೆಟ್ಟಿಲಿನ ಮೇಲೂ ಅದನ್ನು ಬಳಸಬಹುದು; ಪ್ಯಾಡುಗಳು ಲೋಹಕ್ಕೆ ತಾಗದಿದ್ದರೆ ಸಾಕು. ನಿಜವಾದ ತೊಡಕು ಒದ್ದೆಯಾದ ಎದೆ. ಅಲ್ಲಿ ವಿದ್ಯುತ್ತು ಚರ್ಮದ ಮೇಲಿನ ನೀರಿನಲ್ಲಿಯೇ ಜಾರಿಹೋಗಿ ಹೃದಯಕ್ಕೆ ತಲುಪುವುದು ಕಡಿಮೆಯಾಗುತ್ತದೆ. ಪ್ಯಾಡೂ ಸರಿಯಾಗಿ ಅಂಟುವುದಿಲ್ಲ.

ಕ್ರಮ ಹೀಗಿರಬೇಕು. ಕರೆದರೂ ಎಚ್ಚರಗೊಳ್ಳದೆ, ಸಹಜವಾಗಿ ಉಸಿರಾಡದೆ ಇರುವವರನ್ನು ಕಂಡೊಡನೆ 108ಕ್ಕೆ ಕರೆಮಾಡಿಸಿ, ಒಬ್ಬರನ್ನು ಎ.ಇ.ಡಿ. ತರಲು ಕಳುಹಿಸಬೇಕು. ರೋಗಿಯು ನಿಂತ ನೀರಿನಲ್ಲಿದ್ದರೆ ಹೊರಗೆಳೆದು, ನಿಮಿಷಕ್ಕೆ 100ರಿಂದ 120ರಂತೆ ಎದೆಯ ನಡುವೆ ಬಲವಾಗಿ ಒತ್ತುತ್ತಿರಬೇಕು. ನೀರಿನಲ್ಲಿ ಮುಳುಗಿದವರಿಗೆ ಬಾಯಿಂದ ಉಸಿರು ಕೊಡುವುದೂ ಆವಶ್ಯಕ. ಯಂತ್ರ ಬಂದೊಡನೆ ಎದೆಯ ಬಟ್ಟೆ ತೆಗೆದು, ನೀರು, ಬೆವರು, ಎಣ್ಣೆ, ಮುಲಾಮುಗಳನ್ನು ಟವೆಲಿನಿಂದ ಚೆನ್ನಾಗಿ ಒರೆಸಬೇಕು. ಸ್ತ್ರೀಯರಾದರೆ ಸುತ್ತಲಿನವರು ಸೀರೆಯನ್ನೋ ಪಂಚೆಯನ್ನೋ ಮರೆಹಿಡಿಯಲಿ, ಸಂಕೋಚದಿಂದ ತಡಮಾಡಬಾರದು. ತಾಳಿ, ಸರಗಳನ್ನು ಬಿಚ್ಚಬೇಕಾಗಿಲ್ಲ, ಪ್ಯಾಡಿನಿಂದ ದೂರ ಸರಿಸಿದರಾಯಿತು. ಒಂದು ಪ್ಯಾಡು ಬಲಗಡೆಯ ಕೊರಳೆಲುಬಿನ ಕೆಳಗೆ, ಮತ್ತೊಂದು ಎಡಗಂಕುಳಿನ ಕೆಳಗೆ. ಯಂತ್ರವು ಲಯವನ್ನು ಪರೀಕ್ಷಿಸುವಾಗಲೂ ಆಘಾತ ಕೊಡುವಾಗಲೂ ರೋಗಿಯನ್ನು ಯಾರೂ ಮುಟ್ಟಿರಬಾರದು. ಆಘಾತವಾದೊಡನೆ ಎದೆ ಒತ್ತುವುದನ್ನು ಮುಂದುವರಿಸಬೇಕು.

ನಿಜವಾಗಿ ಅಂಜಬೇಕಾದುದು ಎ.ಇ.ಡಿ.ಗಲ್ಲ, ಮಳೆನೀರಿನಲ್ಲಿ ಬಿದ್ದಿರುವ ವಿದ್ಯುತ್ ತಂತಿಗೆ. ಮನುಷ್ಯನು ತಂತಿ ತಗುಲಿ ಬಿದ್ದಿರಬಹುದೆಂಬ ಸಂಶಯವಿದ್ದರೆ, ವಿದ್ಯುತ್ತು ಕಡಿತವಾದುದು ಖಚಿತವಾಗುವವರೆಗೆ ಆ ನೀರಿಗೆ ಕಾಲಿಡಬಾರದು. ಆ ಅಪಾಯವಿಲ್ಲವೆಂದು ತಿಳಿದ ಮೇಲೆ ಮಾತ್ರ ಒಂದು ಕ್ಷಣವನ್ನೂ ವ್ಯರ್ಥಮಾಡಲಾಗದು.