ಕರೆಗಂಟೆಗೆ ಮುನ್ನ ನಡೆಯುವ ಪತ್ರವ್ಯವಹಾರ

ಅಂತರಜಾಲದ ದೂರವಾಣಿಯಲ್ಲಿ ನಮ್ಮ ಧ್ವನಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುವುದೆಂಬುದನ್ನು ವಾಚಕರು ಬಲ್ಲರು. ಆದರೆ ಅವು ಹೊರಡುವ ಮೊದಲೇ ಯಂತ್ರಗಳೆರಡರ ನಡುವೆ ಒಂದು ಪತ್ರವ್ಯವಹಾರ ನಡೆದಿರುತ್ತದೆ. ಅದರ ನಿಯಮಾವಳಿಗಳಲ್ಲಿ ಮುಖ್ಯವಾದುದಕ್ಕೆ ‘ಸಿಪ್’ ಎಂದು ಹೆಸರು. 1999ರಲ್ಲಿ ಪ್ರಕಟವಾದ ಇದು 2002ರಲ್ಲಿ ಪರಿಷ್ಕೃತವಾಯಿತು.

ಕರೆಯುವ ಯಂತ್ರವು ‘ಇನ್ವೈಟ್’ ಎಂಬ ಆಹ್ವಾನವನ್ನು ಕಳುಹಿಸುತ್ತದೆ. ನಡುವೆ ಅಂಚೆಯವನಂತಿರುವ ಸರ್ವರು ‘ಪ್ರಯತ್ನಿಸುತ್ತಿದ್ದೇನೆ’ ಎಂಬರ್ಥದಲ್ಲಿ 100 ಎಂದು ಉತ್ತರಿಸುತ್ತದೆ. ಅತ್ತ ಗಂಟೆ ಮೊಳಗಿದರೆ 180. ಕರೆಗೆ ಓಗೊಟ್ಟರೆ 200. ಬೇರೊಬ್ಬರೊಡನೆ ಮಾತಿನಲ್ಲಿದ್ದರೆ 486. 200 ಬಂದೊಡನೆ ಕರೆದವರ ಯಂತ್ರವು ‘ಆಕ್’ ಎಂಬ ಸ್ವೀಕೃತಿಯನ್ನು ಕಳುಹಿಸಬೇಕು. ಮಾತು ಮುಗಿದರೆ ‘ಬೈ’.

ಸ್ವಾರಸ್ಯವೆಂದರೆ, ಧ್ವನಿಯು ಈ ಪತ್ರಗಳ ದಾರಿಯನ್ನೇ ಹಿಡಿಯಬೇಕಾಗಿಲ್ಲ. ‘ಧ್ವನಿಯನ್ನು ನನಗೆ ಈ ವಿಳಾಸಕ್ಕೆ, ಈ ಸಂಕೇತದಲ್ಲಿ ಕಳುಹಿಸಿರಿ’ ಎಂದು ಎರಡು ಕಡೆಯವೂ ಪತ್ರದಲ್ಲಿಯೇ ತಿಳಿಸಿರುತ್ತವೆ. ಆ ವಿಳಾಸವು ಮನೆಯೊಳಗಿನ ಜಾಲಕ್ಕಷ್ಟೇ ಸಲ್ಲುವಂಥದಾದರೆ, ಗಂಟೆ ಸರಿಯಾಗಿ ಮೊಳಗಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ಹೋಗಬಹುದು. ಅಪವಾದ ಹೊರುವುದು ಮಾತ್ರ, ಪಾಪ, ಮೈಕು!

ಇನ್ನು ‘ಫ್ರಮ್’ ಎಂಬ ಸಾಲು. ಕರೆದವರು ಯಾರೆಂದು ಹೇಳುವ ಈ ಸಾಲನ್ನು ಬರೆಯುವುದು ಕರೆಯುವ ಯಂತ್ರವೇ. ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ? ಸರ್ವರು ಪರೀಕ್ಷಿಸದಿದ್ದರೆ, ವಂಚಕನೊಬ್ಬನು ಬ್ಯಾಂಕಿನ ಸಂಖ್ಯೆಯನ್ನು ಮುಂದಿಟ್ಟುಕೊಂಡು ನಿಮ್ಮನ್ನು ಕರೆಯಬಲ್ಲನು. ಇದನ್ನು ತಡೆಯಲೆಂದು, ಕರೆಯ ಪತ್ರಕ್ಕೆ ಅಂಕೀಯ ಸಹಿ ಹಾಕುವ ಇಂದಿನ ಕ್ರಮವನ್ನು 2018ರಲ್ಲಿ ಪ್ರಕಟಿಸಿದರು. ಅಮೆರಿಕದ ದೊಡ್ಡ ದೂರವಾಣಿ ಸಂಸ್ಥೆಗಳಿಗೆ ಅದು 2021ರಲ್ಲಿ ಕಡ್ಡಾಯವಾಯಿತು. ಆದರೆ ಕರೆಯು ನಡುವೆ ಎಲ್ಲಿಯಾದರೂ ಹಳೆಯ ಮಾದರಿಯ ದೂರವಾಣಿ ಜಾಲವನ್ನು ಹೊಕ್ಕು ಬಂದರೆ, ಸಾಮಾನ್ಯವಾಗಿ ಆ ಸಹಿ ಅಲ್ಲಿಯೇ ಕಳಚಿಹೋಗುತ್ತದೆ.