ಬೇಸಿಗೆಯ ಕರೆಂಟ್ ಲೆಕ್ಕ

ಮಕ್ಕಳೇ, ಮನೆಯಲ್ಲಿ ಹಳೆಯ ಕರೆಂಟ್ ಬಿಲ್ಲುಗಳಿದ್ದರೆ ಏಪ್ರಿಲ್ ತಿಂಗಳದ್ದನ್ನೂ ಡಿಸೆಂಬರ್ ತಿಂಗಳದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮನೆ ಅದೇ, ಜನ ಅವರೇ. ಆದರೂ ಯೂನಿಟ್ ಬೇರೆ ಬೇರೆ! ಏಕೆ?

1000 ವಾಟ್‌ನ ಉಪಕರಣ ಒಂದು ಗಂಟೆ ನಡೆದರೆ 1 ಯೂನಿಟ್ ಖರ್ಚು. ಹಾವೇರಿ ಜಿಲ್ಲೆಯ ಗುತ್ತಲದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. 60 ವಾಟ್‌ನ ಟಿ.ವಿ. ದಿನಕ್ಕೆ 4 ಗಂಟೆ, 9 ವಾಟ್‌ನ ನಾಲ್ಕು ಬಲ್ಬು 5 ಗಂಟೆ. ತಿಂಗಳಿಗೆ ಸುಮಾರು 13 ಯೂನಿಟ್. ಚಳಿಗಾಲದಲ್ಲಿ ಹಗಲು ಚಿಕ್ಕದು, ಬಲ್ಬು ಹೆಚ್ಚು ಉರಿಯುವುದಿಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ! ನಮ್ಮಲ್ಲಿ ಜೂನ್‌ನ ಹಗಲಿಗಿಂತ ಡಿಸೆಂಬರ್‌ನ ಹಗಲು ಸುಮಾರು ಒಂದೂಮುಕ್ಕಾಲು ಗಂಟೆ ಕಡಿಮೆ. ಅಷ್ಟು ಹೊತ್ತು ಉರಿದರೂ ತಿಂಗಳಿಗೆ 2 ಯೂನಿಟ್ ಆಗದು. ಅದನ್ನು ಬಿಟ್ಟುಬಿಡೋಣ.

ಇನ್ನು 75 ವಾಟ್‌ನ ಎರಡು ಫ್ಯಾನು. ಬೇಸಿಗೆಯಲ್ಲಿ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 45 ಯೂನಿಟ್. ಮಳೆಗಾಲದಲ್ಲಿ 2 ಗಂಟೆ ಸಾಕು, 9 ಯೂನಿಟ್. ಚಳಿಯಲ್ಲಿ ಸೊನ್ನೆ. ಅಂದರೆ ಒಟ್ಟು ಬಳಕೆ ಬೇಸಿಗೆಗೆ 58, ಮಳೆಗಾಲಕ್ಕೆ 22, ಚಳಿಗಾಲಕ್ಕೆ 13. ಬೇಸಿಗೆ ನಾಲ್ಕು ತಿಂಗಳು, ಮಳೆಗಾಲ ಐದು, ಚಳಿಗಾಲ ಮೂರು ಎಂದುಕೊಂಡರೆ ತಿಂಗಳ ಸರಾಸರಿ ಸುಮಾರು 32.

ಈ ಸರಾಸರಿಗೆ ಬೆಲೆಯಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿಯನ್ನು 2022–23ರ ಸರಾಸರಿ ಬಳಕೆಯ ಮೇಲೆ ಲೆಕ್ಕ ಹಾಕಿದರು. ಕಡಿಮೆ ಬಳಸುವ ಮನೆಗಳಿಗೆ ಸರಾಸರಿಯ ಮೇಲೆ 10 ಯೂನಿಟ್ ಕೊಡಲು 2024ರಲ್ಲಿ ತೀರ್ಮಾನವಾಯಿತು. ನಮ್ಮ ಊಹೆಯ ಮನೆಗೆ ಹೀಗೆ 42 ಯೂನಿಟ್. ಡಿಸೆಂಬರ್‌ನಲ್ಲಿ ಬಿಲ್ಲೇ ಇಲ್ಲ. ಏಪ್ರಿಲ್‌ನಲ್ಲಿ ಮಾತ್ರ 16 ಯೂನಿಟ್‌ಗೆ ಹಣ ಕಟ್ಟಬೇಕು! ವರ್ಷದ ಸರಾಸರಿಗೆ ಸೆಕೆ ಗೊತ್ತಾಗುವುದಿಲ್ಲ ನೋಡಿ.

ಫ್ರಿಜ್ ಇರುವ ಮನೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ಅದರ ಸ್ವಿಚ್ಚನ್ನು ಯಾರೂ ಮುಟ್ಟುವುದಿಲ್ಲ, ಆದರೂ ಬೇಸಿಗೆಯಲ್ಲಿ ಅದು ಹೆಚ್ಚು ಕರೆಂಟ್ ತಿನ್ನುತ್ತದೆ. ಒಳಗೆ 4 ಡಿಗ್ರಿ ಇದೆ ಎನ್ನಿ. ಹೊರಗೆ 20 ಡಿಗ್ರಿ ಇದ್ದಾಗ ವ್ಯತ್ಯಾಸ 16. ಹೊರಗೆ 36 ಆದರೆ ವ್ಯತ್ಯಾಸ 32. ವ್ಯತ್ಯಾಸ ಎರಡು ಪಟ್ಟಾದರೆ ಗೋಡೆಗಳ ಮೂಲಕ ಒಳನುಗ್ಗುವ ಶಾಖವೂ ಸುಮಾರು ಎರಡು ಪಟ್ಟು. ಅದನ್ನು ಹೊರಗೆ ಹಾಕಲು ಕಂಪ್ರೆಸರ್ ಹೆಚ್ಚು ಹೊತ್ತು ದುಡಿಯಬೇಕು. ಫ್ರಿಜ್ ಗುಂಯ್ ಎನ್ನುವುದು ಆಗಾಗ ನಿಲ್ಲುತ್ತದಲ್ಲ, ಬೇಸಿಗೆಯ ಮಧ್ಯಾಹ್ನ ಆ ಬಿಡುವು ಎಷ್ಟು ನಿಮಿಷ, ಬೆಳಗಿನ ಜಾವ ಎಷ್ಟು ನಿಮಿಷ? ಗಡಿಯಾರ ಹಿಡಿದು ಗುರುತು ಹಾಕಿಕೊಳ್ಳಿ.