ಯೌವನದಲ್ಲಿಯೇ ಸ್ವಾವಲಂಬನೆ: ತರುಣ ಬೇಸಾಯಗಾರರಿಗೊಂದು ಲೆಕ್ಕ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್.ಎಜಿ.)

ಮುಪ್ಪಿನ ಕಾಲಕ್ಕೆ ಏನನ್ನಾದರೂ ಕೂಡಿಟ್ಟುಕೊಳ್ಳಬೇಕೆಂಬುದು ಸರ್ವರೂ ಬಲ್ಲ ಮಾತೇ ಆಗಿದೆ. ಆದರೆ ಆ ಕೆಲಸವನ್ನು ಯಾವಾಗ ಪ್ರಾರಂಭಿಸಬೇಕೆಂಬ ವಿಷಯದಲ್ಲಿ ನಮ್ಮ ಜನರು ಬಹಳ ಉದಾಸೀನರಾಗಿರುವರು. ಸರ್ಕಾರಿ ನೌಕರನಿಗೆ ನಿವೃತ್ತಿಯ ವಯಸ್ಸೆಂಬುದೊಂದುಂಟು. ಬೇಸಾಯಗಾರನಿಗೆ ಅಂತಹುದಿಲ್ಲ; ಕೈಕಾಲಿನ ಶಕ್ತಿ ಕುಂದಿದ ದಿನವೇ ಅವನ ನಿವೃತ್ತಿಯ ದಿನವು. ಆ ದಿನ ಮನೆಯಲ್ಲಿ ಸಾಲವಿದ್ದರೆ ಅದು ಮಗನ ಹೆಗಲಿಗೇರುವುದು. ಹೀಗೆ ತಲೆಯಿಂದ ತಲೆಗೆ ಇಳಿದು ಬರುವ ಈ ಹೊರೆಯನ್ನು ಒಂದು ತಲೆಯಲ್ಲಿಯೇ ನಿಲ್ಲಿಸುವ ಬಗೆ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಕಳೆದ ಕಾರ್ತೀಕ ಮಾಸದಲ್ಲಿ ನಾವು ತಿಪಟೂರು ಸೀಮೆಯ ಒಂದು ಗ್ರಾಮಕ್ಕೆ ಸಂಚಾರ ಹೋಗಿದ್ದಾಗ 24 ವರ್ಷ ವಯಸ್ಸಿನ ತರುಣನೊಬ್ಬನು ನಮ್ಮನ್ನು ಕಂಡನು. ಅವನು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ದುಡಿದು 3 ಲಕ್ಷ ರೂಪಾಯಿಗಳನ್ನು ಉಳಿಸಿದ್ದನು. ಊರಿನಲ್ಲಿ ಮೂರು ಎಕರೆ ಜಮೀನು. ಅದರಲ್ಲಿ ಒಂದು ಎಕರೆಗೆ ಕೊಳವೆ ಬಾವಿಯ ನೀರು. ತಂದೆಯು ಖಾಸಗಿಯಾಗಿ ಮಾಡಿದ್ದ 1,50,000 ರೂಪಾಯಿ ಸಾಲವು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಲ್ಲಿ ನಿಂತಿತ್ತು. ಅಮೆರಿಕಾ ದೇಶದಲ್ಲಿ ಕೆಲವರು ನಲವತ್ತರ ಪ್ರಾಯಕ್ಕೇ ದುಡಿಮೆಯಿಂದ ನಿವೃತ್ತರಾಗುವರೆಂದು ಅವನು ಓದಿದ್ದನು. ತಾನೂ ಹಾಗೆಯೇ ಆಗಬೇಕೆಂದು ಉಳಿತಾಯವನ್ನೆಲ್ಲ ಷೇರುಗಳಲ್ಲಿ ಹಾಕುವ ಯೋಚನೆ ಮಾಡಿದ್ದನು. ತಂದೆಯು ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದನು. ಒಂದು ಮಾತನ್ನೂ ಆಡಲಿಲ್ಲ.

ತರುಣನ ಆಶೆಯು ಹಳಿಯತಕ್ಕದ್ದಲ್ಲ. ಆ ದೇಶದವರ ಲೆಕ್ಕದ ಸಾರಾಂಶವಿಷ್ಟೆ. ವಿಲಿಯಂ ಬೆಂಗನ್ ಎಂಬ ಹಣಕಾಸಿನ ಸಲಹೆಗಾರರು 1994ರಲ್ಲಿ ಅಲ್ಲಿಯ ಹಿಂದಿನ ಹಲವು ದಶಕಗಳ ಅಂಕಿಗಳನ್ನು ಪರಿಶೀಲಿಸಿದರು. ಷೇರು ಮತ್ತು ಸಾಲಪತ್ರಗಳಲ್ಲಿಟ್ಟ ಮೂಲಧನದಿಂದ ಮೊದಲನೆಯ ವರ್ಷ ನೂರಕ್ಕೆ 4ರಷ್ಟನ್ನು ತೆಗೆದು, ಬಳಿಕ ಬೆಲೆಗಳು ಏರಿದಷ್ಟೇ ಆ ಮೊತ್ತವನ್ನು ಏರಿಸುತ್ತ ಹೋದರೂ, ಧನವು 30 ವರ್ಷಗಳ ಕಾಲ ಸಾಕಾಗುವುದೆಂದು ತೋರಿಸಿಕೊಟ್ಟರು. ಅಂದರೆ ವರ್ಷದ ಖರ್ಚಿನ 25 ಪಟ್ಟು ಹಣ ಕೂಡಿದವನು ಪರಾಧೀನನಲ್ಲವೆಂದಾಯಿತು. ಆದರೆ ಇದು ಅಮೆರಿಕಾದ ಲೆಕ್ಕ, ಅದೂ 30 ವರ್ಷಗಳಿಗೆ ಮಾತ್ರ. ನಲವತ್ತೈದಕ್ಕೆ ನಿಂತವನು ಇನ್ನೂ ನಲವತ್ತು ವರ್ಷ ಬಾಳಬಹುದು. ಆದುದರಿಂದ 25 ಪಟ್ಟನ್ನು ಮೊದಲನೆಯ ಗುರುತೆಂದು ಮಾತ್ರ ಎಣಿಸತಕ್ಕದ್ದು.

ಈ ಲೆಕ್ಕದಲ್ಲಿ ಬೇಸಾಯಗಾರನಿಗೆ ಅನುಕೂಲವಾದ ಒಂದು ಗುಟ್ಟು ಅಡಗಿದೆ. ತಿಂಗಳ ಖರ್ಚಿನಲ್ಲಿ 1,000 ರೂಪಾಯಿ ಕಡಮೆಯಾದರೆ ಕೂಡಿಡಬೇಕಾದ ಮೂಲಧನದಲ್ಲಿ 3 ಲಕ್ಷ ರೂಪಾಯಿ ಕಡಮೆಯಾಗುವುದು. ರಾಗಿ, ಅವರೆ, ಹುರುಳಿ, ಹಾಲು, ಸೊಪ್ಪು, ಸೌದೆಗಳು ಮನೆಯಲ್ಲಿಯೇ ಒದಗುವವನಿಗೆ ಪಟ್ಟಣದವನಷ್ಟು ಧನವು ಬೇಕಿಲ್ಲ. ಈ ತರುಣನ ಮನೆಯ ನಗದು ಖರ್ಚು ತಿಂಗಳಿಗೆ 8,000 ರೂಪಾಯಿ, ವರ್ಷಕ್ಕೆ 96,000. ಅದರ 25 ಪಟ್ಟು 24 ಲಕ್ಷ ರೂಪಾಯಿಗಳು. ಹಿತ್ತಲನ್ನು ಬೀಳುಬಿಟ್ಟು ಸಂತೆಯಲ್ಲಿ ತರಕಾರಿ ಕೊಳ್ಳುವವನು ಈ ಮಾತನ್ನು ಚೆನ್ನಾಗಿ ಮನನ ಮಾಡಬೇಕು.

ಮೊದಲನೆಯ ಕೆಲಸ: ಸಾಲದ ತೀರುವಳಿ

ತಿಂಗಳಿಗೆ ನೂರಕ್ಕೆ 2 ರೂಪಾಯಿ ಎಂದರೆ ವರ್ಷಕ್ಕೆ 24. ತರುಣನ ಮನೆಯಿಂದ ಬಡ್ಡಿಯೊಂದಕ್ಕೇ ವರ್ಷಕ್ಕೆ 36,000 ರೂಪಾಯಿ ಹೋಗುತ್ತಿತ್ತು. ನೂರಕ್ಕೆ 24ರಷ್ಟನ್ನು ವರ್ಷವರ್ಷವೂ ನಿಶ್ಚಯವಾಗಿ ಕೊಡುವ ಷೇರು ಲೋಕದಲ್ಲಿ ಇಲ್ಲ; ಸಾಲ ತೀರಿಸಿದವನಿಗಾದರೋ ಆ ಲಾಭವು ಆ ದಿನವೇ ನಿಶ್ಚಯ. ಇದಲ್ಲದೆ ಕಣದಲ್ಲಿಯೇ ಸಾಲಗಾರನು ಹೇಳಿದ ಬೆಲೆಗೆ ದವಸ ಅಳೆದುಕೊಡುವ ನಷ್ಟವು ಬೇರೆ. ಈ ಕಷ್ಟವನ್ನು ಕಂಡೇ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆಯು ಹುಟ್ಟಿತು. ಮರುವರ್ಷವೇ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದರು. ಬೆಳೆಗೆ ಸಾಲ ಬೇಕಾದವರು ಸಹಕಾರ ಸಂಘವನ್ನಾಗಲಿ, 1998ರಲ್ಲಿ ಮೊದಲಾದ ಕಿಸಾನ್ ಕ್ರೆಡಿಟ್ ಕಾರ್ಡನ್ನಾಗಲಿ ಆಶ್ರಯಿಸಿ, ವಾಯಿದೆಗೆ ಸರಿಯಾಗಿ ತೀರಿಸತಕ್ಕದ್ದು.

ಎರಡನೆಯ ಕೆಲಸ: ಆಪತ್ತಿನ ಗಂಟು

ಸಾಲ ತೀರಿದ ಬಳಿಕ ತರುಣನ ಬಳಿ ಇನ್ನೂ 1,50,000 ರೂಪಾಯಿ ಉಳಿಯುವುದು. ಅದರಲ್ಲಿ ಒಂದು ವರ್ಷದ ಖರ್ಚಿನಷ್ಟನ್ನು, ಎಂದರೆ 96,000 ರೂಪಾಯಿಗಳನ್ನು, ಬ್ಯಾಂಕಿನಲ್ಲಿ ಕೂಡಲೇ ಕೈಗೆ ಸಿಕ್ಕುವಂತೆ ಇಡತಕ್ಕದ್ದು. ಮಳೆ ಕೈಕೊಟ್ಟ ವರ್ಷವೂ ಕಾಯಿಲೆಯೂ ಹೇಳಿ ಬರುವುದಿಲ್ಲ. ಈ ಗಂಟಿಲ್ಲದವನು ಪುನಃ ಅದೇ ಜಗಲಿಗೆ ಸಾಲಕ್ಕೆ ಹೋಗಿ ನಿಲ್ಲುವನು. ಸಹಕಾರ ಸಂಘದ ಸದಸ್ಯರು 2003ರಲ್ಲಿ ಮೊದಲಾಗಿ, ನಡುವೆ ನಿಂತು, 2022ರಲ್ಲಿ ಪುನಃ ಆರಂಭವಾದ ಯಶಸ್ವಿನಿ ಯೋಜನೆಗೆ ಸೇರುವುದೂ ವಿವೇಕವು.

ಮೂರನೆಯ ಕೆಲಸ: ವರ್ಷವರ್ಷದ ಉಳಿತಾಯ

ತಪ್ಪಿದ ಬಡ್ಡಿಯ 36,000ಕ್ಕೆ ಸಂಬಳದಿಂದ 24,000 ಸೇರಿಸಿದರೆ ವರ್ಷಕ್ಕೆ 60,000 ರೂಪಾಯಿ. ಇದನ್ನು ನೂರಕ್ಕೆ 7ರ ಚಕ್ರಬಡ್ಡಿಯಲ್ಲಿ 25ರಿಂದ 45ರ ವಯಸ್ಸಿನವರೆಗೆ ಇಟ್ಟರೆ ಸುಮಾರು 24 ಲಕ್ಷ 60 ಸಾವಿರವಾಗುವುದು. ಕಟ್ಟಿದ್ದು 12 ಲಕ್ಷ ಮಾತ್ರ. ಅದೇ ಕೆಲಸವನ್ನು 35ಕ್ಕೆ ಪ್ರಾರಂಭಿಸಿದವನಿಗೆ 45ರಲ್ಲಿ ಸಿಕ್ಕುವುದು ಸುಮಾರು 8 ಲಕ್ಷ 30 ಸಾವಿರ. ಯೌವನದ ಹತ್ತು ವರ್ಷಗಳ ಬೆಲೆಯು ಇದರಿಂದ ತಿಳಿಯುವುದು. ಅಂಚೆ ಕಚೇರಿಯ ಸಾರ್ವಜನಿಕ ಭವಿಷ್ಯ ನಿಧಿಯು 15 ವರ್ಷಗಳ ಅವಧಿಯದು. ಬಳಿಕ ಐದೈದು ವರ್ಷಗಳಂತೆ ಮುಂದುವರಿಸಬಹುದು. ಷೇರುಗಳಲ್ಲಿಯೂ ಒಂದು ಭಾಗವನ್ನಿಡುವುದು ತಪ್ಪಲ್ಲ. ಆದರೆ ಹತ್ತು ವರ್ಷ ಮುಟ್ಟದೆ ಇರಬಲ್ಲ ಹಣವನ್ನು ಮಾತ್ರವೇ ಇಡತಕ್ಕದ್ದು.

ಇಲ್ಲಿ ತರುಣನು ಸಂತೋಷದಿಂದ, “ಹಾಗಾದರೆ 24 ಲಕ್ಷ ಕೂಡಿತಲ್ಲ” ಎಂದನು. ಕೂಡಲಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 20 ವರ್ಷಗಳಲ್ಲಿ ಮೂರು ಪಟ್ಟಿಗೂ ಮೀರುವುವು. ಇಂದಿನ 24 ಲಕ್ಷದ ಕೆಲಸಕ್ಕೆ ಆಗ ಸುಮಾರು 77 ಲಕ್ಷ ಬೇಕು. ಉಳಿತಾಯವನ್ನೂ ವರ್ಷವರ್ಷ ನೂರಕ್ಕೆ 6ರಂತೆ ಏರಿಸುತ್ತ ಹೋದರೆ ಸುಮಾರು 40 ಲಕ್ಷವಾಗುವುದು, ಎಂದರೆ ಅರ್ಧಕ್ಕೆ ಕೊಂಚ ಮೇಲೆ. ಉಳಿದರ್ಧವನ್ನು ಭೂಮಿಯಿಂದಲೇ ತೆಗೆಯಬೇಕು.

ನಾಲ್ಕನೆಯ ಕೆಲಸ: ಮರಗಳ ಪಿಂಚಣಿ

ಠೇವಣಿಯ ಬಡ್ಡಿಯು ಬೆಲೆಯೇರಿಕೆಗೆ ತಕ್ಕಂತೆ ಏರದು. ಫಲದ ಬೆಲೆಯಾದರೋ ಹೆಚ್ಚುಕಡಮೆಯಾಗುತ್ತಲಾದರೂ ಕಾಲದೊಡನೆ ಏರುವುದು. ಮರವನ್ನು ಯೌವನದಲ್ಲಿ ನೆಡತಕ್ಕ ಕಾರಣವಿದೇ. ಎತ್ತರದ ತಿಪಟೂರು ತಳಿಯ ತೆಂಗು 6–7ನೆಯ ವರ್ಷದಲ್ಲಿ ಫಲಕ್ಕೆ ಬಂದು 60 ವರ್ಷಗಳಿಗೂ ಮೇಲ್ಪಟ್ಟು ಬಾಳುವುದು. 30 ಅಡಿ ಅಂತರದಲ್ಲಿ ಎಕರೆಗೆ 48 ಸಸಿಗಳು ಹಿಡಿಯುವುವು. ಅವುಗಳಲ್ಲಿ 40 ಉಳಿದು, ಮರಕ್ಕೆ ವರ್ಷಕ್ಕೆ 60 ಕಾಯಿ ಬಿಟ್ಟರೆ 2,400 ಕಾಯಿ. ಕಾಯಿಗೆ 20 ರೂಪಾಯಿಯೆಂದು ಹಿಡಿದರೆ 48,000 ರೂಪಾಯಿ. ಇದು ಮನೆಯ ಖರ್ಚಿನ ಸರಿಯರ್ಧ. ಗೊಬ್ಬರ ಮತ್ತು ಕೂಲಿಗಳ ವೆಚ್ಚವನ್ನು ಇದರಲ್ಲಿ ಕಳೆಯಬೇಕಷ್ಟೆ. ಆ ಕೊರತೆಯನ್ನು ನಡುವಣ ಬೆಳೆಗಳಿಂದಲೂ ಬದುವಿನ ಹುಣಿಸೆ ಹಲಸುಗಳಿಂದಲೂ ತುಂಬಿಕೊಳ್ಳತಕ್ಕದ್ದು.

ಆದರೆ ಒಂದೇ ಮರವನ್ನು ನಂಬಬಾರದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆಯು ನಮ್ಮ ತೋಟಗಳಿಗೂ ಹಬ್ಬಿ ಕಾಯಿಗಳನ್ನು ಕೆಡಿಸಿದುದನ್ನು ಯಾರೂ ಮರೆತಿಲ್ಲ. ಕೊಳವೆ ಬಾವಿ ಬತ್ತುವ ಸಂಭವವೂ ಉಂಟು. ಆದುದರಿಂದ ಮಳೆಯ ನೀರನ್ನು ಹೊಲದಲ್ಲಿಯೇ ಇಂಗಿಸುವ ಬದುಗಳನ್ನು ಸಸಿ ನೆಡುವುದಕ್ಕೆ ಮೊದಲೇ ಹಾಕತಕ್ಕದ್ದು. ಬೀಜದ ಹುಣಿಸೆ ಫಲ ಕೊಡಲು 8–10 ವರ್ಷ ಹಿಡಿಯುವುದು. ಕಸಿ ಗಿಡವು ಅದಕ್ಕಿಂತ ಬೇಗ ಫಲಿಸುವುದು. ಈ ಲೇಖಕನು ತನ್ನ 25ನೆಯ ವಯಸ್ಸಿನಲ್ಲಿ ತಂದೆಯವರ ಹೊಲದ ಬದುವಿನಲ್ಲಿ ಹತ್ತು ಹುಣಿಸೆ ಗಿಡಗಳನ್ನು ನೆಡುವೆನೆಂದುಕೊಂಡು, ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಕಾಲ ಕಳೆದನು. ಆ ಬದು ಇಂದಿಗೂ ಬರಿದಾಗಿಯೇ ಇದೆ. ಇಲಾಖೆಯವನಾಗಿ ಊರೂರಿಗೆ ಸಸಿ ಹಂಚಿದವನ ಮಾತು ಇದು. ಓದುಗರು ಅಷ್ಟನ್ನಾದರೂ ನಮ್ಮಿಂದ ಕಲಿಯಲಿ.

ಎರಡು ಹೆಕ್ಟೇರಿನವರೆಗೆ ಜಮೀನುಳ್ಳ, 18ರಿಂದ 40 ವರ್ಷದೊಳಗಿನವರಿಗೆ 2019ರಲ್ಲಿ ಮೊದಲಾದ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಯೂ ಉಂಟು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60 ತುಂಬಿದ ಬಳಿಕ ತಿಂಗಳಿಗೆ 3,000 ರೂಪಾಯಿ ದೊರೆಯುವುದು. ಇದು ಊರುಗೋಲು ಮಾತ್ರ; ನಡೆಯುವ ಕಾಲು ನಮ್ಮದೇ ಆಗಿರಬೇಕು.

ಕಡೆಯದಾಗಿ ಒಂದು ಮಾತು. ನಲವತ್ತೈದಕ್ಕೆ ನಿವೃತ್ತನಾಗುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದಲ್ಲ. ಮಾರುವ ದಿನವನ್ನು ತಾನೇ ಗೊತ್ತುಮಾಡುವುದು, ಒಲ್ಲದ ಕೂಲಿಗೆ ಹೋಗದಿರುವುದು, ಮಗನಿಗೆ ಸಾಲ ಬಿಡದಿರುವುದು: ಬೇಸಾಯಗಾರನ ಸ್ವಾತಂತ್ರ್ಯವೆಂದರೆ ಇದೇ.

ಚೈತ್ರದಲ್ಲಿ ನಾವು ಅದೇ ಗ್ರಾಮಕ್ಕೆ ಪುನಃ ಹೋಗಿದ್ದೆವು. ಸಾಲದ ಪತ್ರವು ಹರಿದು ಹೋಗಿತ್ತು. ತೋಟದಲ್ಲಿ ಮೂರಡಿ ಗುಣಿಗಳು ಮುಂಗಾರಿಗೆ ಬಾಯ್ದೆರೆದು ಕಾದಿದ್ದುವು. ಮಗನು ಬೆಂಗಳೂರಿನ ಕೆಲಸಕ್ಕೆ ಹಿಂದಿರುಗಿದ್ದನು. ಅಂದು ಮಾತಾಡದಿದ್ದ ತಂದೆಯು ನಮ್ಮನ್ನು ಒಳಕ್ಕೆ ಕರೆದು, ಗೋಡೆಗೆ ಒತ್ತಿ ಪೇರಿಸಿದ್ದ ರಾಗಿಯ ಮೂಟೆಗಳನ್ನು ತೋರಿಸಿ, “ಯುಗಾದಿಯ ತನಕ ರಾಗಿ ಮನೆಯಲ್ಲಿ ಉಳಿದದ್ದು ಇದೇ ಮೊದಲು ಸ್ವಾಮಿ” ಎಂದನು.